ಇನಾಕ್ಯುಲೇಟ್: ಪದದೊಳಗೊಂದು ಕಣ್ಣು

ಈ ವಾರದ ಕ್ರಿಯಾಪದ ‘ಇನಾಕ್ಯುಲೇಟ್’. ನಿಘಂಟು ತೆರೆದರೆ ‘ಚುಚ್ಚುಮದ್ದು ಹಾಕು’, ‘ಲಸಿಕೆ ಹಾಕು’ ಎಂಬ ಅರ್ಥ ಸಿಗುತ್ತದೆ. ವಿದ್ಯಾರ್ಥಿಗಳು ಅದನ್ನು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ, ಒಂದು ಅಂಕ ಪಡೆಯುತ್ತಾರೆ. ಅಲ್ಲಿಗೆ ಆ ಪದದ ಋಣ ತೀರಿತು ಎಂದುಕೊಳ್ಳುತ್ತಾರೆ.

ತೊಂದರೆ ಶುರುವಾಗುವುದು ಆಮೇಲೆ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿದ ಹುಡುಗ ಪಿಯುಸಿ ವಿಜ್ಞಾನಕ್ಕೆ ಸೇರುತ್ತಾನೆ ಎನ್ನಿ. ಅಲ್ಲಿ ‘ಇನಾಕ್ಯುಲೇಟ್ ದಿ ಮಿಲ್ಕ್’ ಎಂಬ ವಾಕ್ಯ ಎದುರಾಗುತ್ತದೆ. ಹಾಲಿಗೆ ಚುಚ್ಚುಮದ್ದೇ? ಮುಂದೆ ಕೃಷಿ ಪದವಿಗೆ ಹೋದ ಹುಡುಗಿಗೆ ‘ಇನಾಕ್ಯುಲೇಟ್ ದಿ ಸೀಡ್ಸ್’ ಎಂಬ ಮಾತು ಸಿಗುತ್ತದೆ. ಶೇಂಗಾ ಬೀಜಕ್ಕೆ ಸೂಜಿ ಚುಚ್ಚುವುದು ಹೇಗೆ? ಗೊತ್ತಿದ್ದ ಅರ್ಥ ಕೈಕೊಡುತ್ತದೆ. ಕೇಳಲು ಸಂಕೋಚ. ‘ಇಂಗ್ಲಿಷ್ ನನ್ನ ತಲೆಗೆ ಹತ್ತುವುದಿಲ್ಲ’ ಎಂದು ಪುಸ್ತಕ ಮುಚ್ಚಿದವರು ಎಷ್ಟೋ ಮಂದಿ. ಅವರಲ್ಲಿ ಬುದ್ಧಿಗೆ ಕೊರತೆ ಇರಲಿಲ್ಲ. ಪದದ ಒಂದೇ ಒಂದು ಅರ್ಥವನ್ನು ಕೊಟ್ಟು, ಅದರ ಬೇರನ್ನು ಯಾರೂ ತೋರಿಸಿರಲಿಲ್ಲ, ಅಷ್ಟೆ.

ಆ ಬೇರನ್ನು ಇಂದು ನೋಡೋಣ.

ಇನಾಕ್ಯುಲೇಟ್ ಪದವನ್ನು ಬಿಡಿಸಿದರೆ ಎರಡು ಲ್ಯಾಟಿನ್ ತುಂಡುಗಳು ಸಿಗುತ್ತವೆ. ಒಂದು ‘ಇನ್’, ಎಂದರೆ ಒಳಕ್ಕೆ. ಇನ್ನೊಂದು ‘ಓಕ್ಯುಲಸ್’, ಎಂದರೆ ಕಣ್ಣು. ಎರಡನ್ನೂ ಕೂಡಿಸಿದರೆ ‘ಕಣ್ಣನ್ನು ಒಳಗಿಡು’ ಎಂದಾಗುತ್ತದೆ. ಇದೇನು ವಿಚಿತ್ರ ಎನಿಸುತ್ತದೆಯೇ? ಪೇಟೆಯ ಮಕ್ಕಳಿಗೆ ಅನಿಸಬಹುದು. ಮಂಡ್ಯದ ಕಡೆಯ ಕಬ್ಬಿನ ರೈತನಿಗೆ ಅನಿಸಲಾರದು. ಅವನು ಬಿತ್ತನೆಗೆ ಎರಡು ಕಣ್ಣಿನ ತುಂಡು, ಮೂರು ಕಣ್ಣಿನ ತುಂಡು ಎಂದು ಲೆಕ್ಕ ಹಾಕಿಯೇ ಕಬ್ಬು ಕತ್ತರಿಸುವುದು. ಹಾಸನದ ಕಡೆಯವರು ಆಲೂಗಡ್ಡೆಯನ್ನು ನೆಡುವಾಗ ಪ್ರತಿ ಹೋಳಿನಲ್ಲೂ ಕಣ್ಣು ಇದೆಯೇ ಎಂದು ನೋಡುತ್ತಾರೆ. ಗಿಡದಲ್ಲಿ ಚಿಗುರು ಒಡೆಯುವ ಮೊಗ್ಗೇ ಅದರ ಕಣ್ಣು. ರೋಮನ್ನರು ಕೂಡ ಮೊಗ್ಗನ್ನು ಕಣ್ಣು ಎಂದೇ ಕರೆದರು.

ಹೀಗೆ ಒಂದು ಗಿಡದ ಕಣ್ಣನ್ನು ತೆಗೆದು ಇನ್ನೊಂದು ಗಿಡದ ತೊಗಟೆಯೊಳಗೆ ಕೂರಿಸುವ ಕೆಲಸಕ್ಕೆ ಲ್ಯಾಟಿನ್‌ನಲ್ಲಿ ‘ಇನಾಕ್ಯುಲಾರೆ’ ಎಂದು ಹೆಸರು. ಒಂದನೆಯ ಶತಮಾನದಲ್ಲಿ ಬೇಸಾಯದ ಮೇಲೆ ದೊಡ್ಡ ಪುಸ್ತಕ ಬರೆದ ಕೊಲುಮೆಲ್ಲ ಎಂಬ ರೋಮನ್ ಲೇಖಕ ತೋಟದ ಕೆಲಸಗಳ ನಡುವೆ ಈ ಮಾತನ್ನು ಬಳಸಿದ್ದಾನೆ. ನಮ್ಮಲ್ಲಿ ಇದೇ ಕೆಲಸಕ್ಕೆ ಏನೆನ್ನುತ್ತೇವೆ? ‘ಕಣ್ಣು ಕಸಿ’! ರೋಮಿನ ತೋಟಗಾರನೂ ಕನ್ನಡದ ತೋಟಗಾರನೂ ಒಬ್ಬರನ್ನೊಬ್ಬರು ಕಂಡವರಲ್ಲ. ಗಿಡವನ್ನು ಇಬ್ಬರೂ ಹತ್ತಿರದಿಂದ ಕಂಡಿದ್ದರು. ಅದಕ್ಕೇ ಇಬ್ಬರ ಬಾಯಲ್ಲೂ ಒಂದೇ ಮಾತು ಬಂತು.

ಕಣ್ಣು ಕಸಿ ನೋಡದ ಮಕ್ಕಳಿಗಾಗಿ ಗುಲಾಬಿಯ ಉದಾಹರಣೆ ಕೊಡುತ್ತೇನೆ. ಗಟ್ಟಿಯಾದ ಕಾಡುಗುಲಾಬಿಯ ಕಾಂಡದ ಮೇಲೆ ಹರಿತವಾದ ಚಾಕುವಿನಿಂದ ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ ತೊಗಟೆಯನ್ನಷ್ಟೇ ಸೀಳಬೇಕು. ಒಳ್ಳೆಯ ಹೂ ಕೊಡುವ ಇನ್ನೊಂದು ಗುಲಾಬಿಯಿಂದ ಒಂದು ಕಣ್ಣನ್ನು ಸ್ವಲ್ಪ ತೊಗಟೆಯ ಸಮೇತ ಎಬ್ಬಿಸಿ, ಆ ಸೀಳಿನೊಳಗೆ ಜಾರಿಸಬೇಕು. ಕಣ್ಣು ಮಾತ್ರ ಹೊರಗೆ ಕಾಣುವಂತೆ ಸುತ್ತಲೂ ಪ್ಲಾಸ್ಟಿಕ್ ಪಟ್ಟಿ ಕಟ್ಟಬೇಕು. ಆಮೇಲೆ ಎರಡು ಮೂರು ವಾರ ಕಾಯಬೇಕು. ಕಸಿ ಹತ್ತಿದರೆ ಕಣ್ಣು ಹಸಿರಾಗಿಯೇ ಉಳಿದು ಚಿಗುರುತ್ತದೆ. ಹತ್ತದಿದ್ದರೆ ಒಣಗಿ ಕಪ್ಪಾಗುತ್ತದೆ. ಸಣ್ಣದೊಂದು ಗಾಯ, ಅದರೊಳಗೆ ಬೇರೆ ಕಡೆಯಿಂದ ತಂದ ಜೀವವುಳ್ಳ ಒಂದು ಚೂರು, ಮೇಲೊಂದು ಕಟ್ಟು, ಆಮೇಲೆ ಕಾಯುವಿಕೆ. ಈ ನಾಲ್ಕನ್ನೂ ನೆನಪಿಡಿ. ಮುಂದಿನ ಕತೆಗೆ ಬೇಕಾಗುತ್ತದೆ.

ಹದಿನೈದನೆಯ ಶತಮಾನದಲ್ಲಿ ಈ ಪದ ಇಂಗ್ಲಿಷಿಗೆ ಬಂದಾಗ ಅದರ ಅರ್ಥ ಕಸಿ ಕಟ್ಟುವುದು ಎಂದೇ ಇತ್ತು. ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕದಲ್ಲಿ ರಾಜಕುಮಾರ ಈ ಮಾತನ್ನು ಆಡುತ್ತಾನೆ. ಅಲ್ಲೂ ಹಳೆಯ ಗಿಡಕ್ಕೆ ಹೊಸ ಕಸಿ ಎಂಬ ಅರ್ಥವೇ. ಸೂಜಿಯ ಮಾತಿಲ್ಲ, ಮದ್ದಿನ ಮಾತಿಲ್ಲ. ಸುಮಾರು ಮುನ್ನೂರು ವರ್ಷ ಇನಾಕ್ಯುಲೇಟ್ ಎಂಬುದು ತೋಟದ ಮಾಲಿಯ ಪದವಾಗಿತ್ತು.

ಹಾಗಾದರೆ ಮಾಲಿಯ ಪದ ವೈದ್ಯನ ಕೈಗೆ ಹೋದದ್ದು ಹೇಗೆ? ಅದಕ್ಕೆ ಕಾರಣ ಸಿಡುಬು.

ಇಂದಿನ ಮಕ್ಕಳಿಗೆ ಸಿಡುಬು ಎಂದರೆ ಏನೆಂದು ಗೊತ್ತಿಲ್ಲ, ಅದು ಅವರ ಪುಣ್ಯ. ಮೈತುಂಬ ಕೀವಿನ ಗುಳ್ಳೆ ಎಬ್ಬಿಸುವ ಆ ರೋಗ ತಗುಲಿದ ಹತ್ತು ಜನರಲ್ಲಿ ಸುಮಾರು ಮೂವರು ಸಾಯುತ್ತಿದ್ದರು. ಉಳಿದವರ ಮುಖದ ಮೇಲೆ ಕುಳಿಗಳು ಉಳಿಯುತ್ತಿದ್ದವು, ಕೆಲವರ ಕಣ್ಣೇ ಹೋಗುತ್ತಿತ್ತು. ಆದರೆ ಒಂದು ಸಂಗತಿಯನ್ನು ಜನ ಬಹಳ ಹಿಂದೆಯೇ ಗಮನಿಸಿದ್ದರು. ಒಮ್ಮೆ ಸಿಡುಬು ಬಂದು ಬದುಕಿದವರಿಗೆ ಅದು ಮತ್ತೆ ಬರುತ್ತಿರಲಿಲ್ಲ. ಹಾಗಿದ್ದರೆ ನಾವೇ ಅದನ್ನು ಸ್ವಲ್ಪ ಪ್ರಮಾಣದಲ್ಲಿ ಬರಿಸಿಕೊಂಡರೆ? ಚೀನಾದಲ್ಲಿ ಸಿಡುಬಿನ ಒಣ ಹೊಪ್ಪಳೆಯನ್ನು ಪುಡಿಮಾಡಿ ಮೂಗಿಗೆ ಊದುತ್ತಿದ್ದರು. ಬಂಗಾಳದಲ್ಲಿ ‘ಟೀಕಾದಾರ’ರೆಂಬ ಜನ ಊರೂರು ತಿರುಗಿ ತೋಳಿನ ಚರ್ಮ ಗೀರಿ ಸಿಡುಬಿನ ಕೀವನ್ನು ಸವರುತ್ತಿದ್ದರು. ಅವರ ಕ್ರಮವನ್ನು ಹಾಲ್‌ವೆಲ್ ಎಂಬ ಇಂಗ್ಲಿಷ್ ವೈದ್ಯ ವಿವರವಾಗಿ ಬರೆದು 1767ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ. ಹಿಂದಿಯಲ್ಲಿ ಇಂದಿಗೂ ಲಸಿಕೆಗೆ ‘ಟೀಕಾ’ ಎಂದೇ ಹೆಸರು.

ಇಂಗ್ಲೆಂಡಿಗೆ ಈ ವಿದ್ಯೆ ಬಂದದ್ದು ತುರ್ಕಿಯಿಂದ. ಲೇಡಿ ಮೇರಿ ವರ್ಟ್ಲಿ ಮಾಂಟೆಗ್ಯು ಎಂಬಾಕೆ ಅಲ್ಲಿನ ಇಂಗ್ಲಿಷ್ ರಾಯಭಾರಿಯ ಪತ್ನಿ. 1713ರಲ್ಲಿ ಆಕೆಯ ತಮ್ಮ ಸಿಡುಬಿನಿಂದ ತೀರಿಕೊಂಡಿದ್ದ. 1715ರಲ್ಲಿ ಆಕೆಗೇ ಸಿಡುಬು ಬಂದು ಮುಖದಲ್ಲಿ ಕಲೆ ಉಳಿಯಿತು, ರೆಪ್ಪೆಗೂದಲು ಉದುರಿಹೋಯಿತು. ತುರ್ಕಿಯಲ್ಲಿ ಆಕೆ ಕಂಡದ್ದು ಮುದುಕಿಯರು ಮಾಡುತ್ತಿದ್ದ ಒಂದು ಕೆಲಸ. ಸೌಮ್ಯ ಸಿಡುಬಿನ ಕೀವನ್ನು ಸಣ್ಣ ಚಿಪ್ಪಿನಲ್ಲಿ ತಂದು, ಸೂಜಿಯಿಂದ ಚರ್ಮ ಗೀರಿ, ಗೀರಿದ ಕಡೆ ಒಂದಿಷ್ಟು ಇಟ್ಟು, ಮೇಲೆ ಚಿಪ್ಪಿನ ಚೂರು ಮುಚ್ಚಿ ಕಟ್ಟುತ್ತಿದ್ದರು. ಎಂಟು ದಿನ ಕಳೆದ ಮೇಲೆ ಮಕ್ಕಳಿಗೆ ಸ್ವಲ್ಪ ಜ್ವರ, ಒಂದಿಷ್ಟು ಗುಳ್ಳೆ, ಆಮೇಲೆ ಗುಣ. 1717ರಲ್ಲಿ ಗೆಳತಿಗೆ ಬರೆದ ಕಾಗದದಲ್ಲಿ ಆಕೆ ಇದಕ್ಕೆ ಬಳಸಿದ ಪದ ಕಸಿ ಕಟ್ಟುವುದು ಎಂಬರ್ಥದ ‘ಎನ್‌ಗ್ರಾಫ್ಟ್’.

ಈಗ ಗುಲಾಬಿ ಗಿಡವನ್ನು ನೆನಪಿಸಿಕೊಳ್ಳಿ. ಗಾಯ, ಜೀವವುಳ್ಳ ಚೂರು, ಕಟ್ಟು, ಕಾಯುವಿಕೆ. ನಾಲ್ಕಕ್ಕೆ ನಾಲ್ಕೂ ಹೊಂದುತ್ತವೆಯಲ್ಲವೇ? ಲ್ಯಾಟಿನ್ ಬಲ್ಲ ವೈದ್ಯರು ತೋಟದಿಂದ ‘ಇನಾಕ್ಯುಲೇಟ್’ ಪದವನ್ನೇ ತಂದು ಈ ಚಿಕಿತ್ಸೆಗೆ ಇಟ್ಟರು. ಸಿಡುಬಿನ ಗುಳ್ಳೆಯೇ ‘ಕಣ್ಣು’, ಮಗುವಿನ ತೋಳೇ ‘ಗಿಡ’.

ಲೇಡಿ ಮೇರಿ 1718ರಲ್ಲಿ ತುರ್ಕಿಯಲ್ಲೇ ತನ್ನ ಮಗನಿಗೂ, 1721ರಲ್ಲಿ ಲಂಡನ್ನಿನಲ್ಲಿ ಮಗಳಿಗೂ ಇದನ್ನು ಹಾಕಿಸಿದಳು. ಅದೇ ವರ್ಷ ಲಂಡನ್ನಿನ ನ್ಯೂಗೇಟ್ ಸೆರೆಮನೆಯ ಆರು ಕೈದಿಗಳ ಮೇಲೆ ಪ್ರಯೋಗ ನಡೆಯಿತು. ಬದುಕಿದರೆ ಬಿಡುಗಡೆ ಎಂಬ ಷರತ್ತು. ಆರೂ ಜನ ಬದುಕಿ ಮನೆಗೆ ಹೋದರು. ಇಂದು ಅಂಥ ಪ್ರಯೋಗಕ್ಕೆ ಯಾವ ದೇಶವೂ ಒಪ್ಪಿಗೆ ಕೊಡುವುದಿಲ್ಲ, ಕೊಡಲೂಬಾರದು.

ಅಮೆರಿಕದ ಬಾಸ್ಟನ್ ನಗರಕ್ಕೂ 1721ರಲ್ಲಿ ಸಿಡುಬು ನುಗ್ಗಿತು. ಅಲ್ಲಿ ಈ ವಿದ್ಯೆಯನ್ನು ತಿಳಿಸಿದವನು ಒನೆಸಿಮಸ್ ಎಂಬ ಆಫ್ರಿಕನ್ ಗುಲಾಮ. ತನ್ನ ನಾಡಿನಲ್ಲಿ ಇದು ವಾಡಿಕೆಯೆಂದೂ ತನಗೂ ಹಾಕಿದ್ದಾರೆಂದೂ ಅವನು ತನ್ನ ಯಜಮಾನ, ಪಾದ್ರಿ ಕಾಟನ್ ಮೇದರನಿಗೆ ಹೇಳಿದ್ದ. ಬಾಯ್ಲ್‌ಸ್ಟನ್ ಎಂಬ ವೈದ್ಯ ಜನರ ವಿರೋಧ ಕಟ್ಟಿಕೊಂಡು 240ಕ್ಕೂ ಹೆಚ್ಚು ಮಂದಿಗೆ ಇನಾಕ್ಯುಲೇಟ್ ಮಾಡಿದ. ಅವರಲ್ಲಿ ಸತ್ತವರು 6 ಮಂದಿ. ತಾನಾಗಿ ರೋಗ ತಗುಲಿದ 5,800ಕ್ಕೂ ಹೆಚ್ಚು ಜನರಲ್ಲಿ ಸತ್ತವರು 844. ಲೆಕ್ಕ ಹಾಕಿ ನೋಡಿ. ಒಂದು ಕಡೆ ನೂರಕ್ಕೆ ಎರಡು ಮೂರು ಸಾವು, ಇನ್ನೊಂದು ಕಡೆ ನೂರಕ್ಕೆ ಸುಮಾರು ಹದಿನಾಲ್ಕು. ವಿಜ್ಞಾನ ಮಾತನಾಡುವುದು ಹೀಗೆ, ಅಂಕಿಯ ಭಾಷೆಯಲ್ಲಿ.

ಆದರೂ ಆ ನೂರಕ್ಕೆ ಎರಡು ಮೂರು ಸಣ್ಣ ಮಾತಲ್ಲ. ಸತ್ತದ್ದು ನಮ್ಮ ಮಗುವಾದರೆ ನಮ್ಮ ಪಾಲಿಗೆ ಅದು ನೂರಕ್ಕೆ ನೂರು. ಒಳಗೆ ಇಡುತ್ತಿದ್ದದ್ದು ನಿಜವಾದ ಸಿಡುಬನ್ನೇ ಆದ್ದರಿಂದ ಇನಾಕ್ಯುಲೇಟ್ ಆದವರಿಂದ ಅಕ್ಕಪಕ್ಕದವರಿಗೆ ರೋಗ ಹರಡುವ ಅಪಾಯವೂ ಇತ್ತು. ಇದಕ್ಕೆ ಪರಿಹಾರ ಕಂಡುಹಿಡಿದವನು ಇಂಗ್ಲೆಂಡಿನ ಬರ್ಕ್ಲಿ ಎಂಬ ಊರಿನ ವೈದ್ಯ ಎಡ್ವರ್ಡ್ ಜೆನ್ನರ್. ಹಸುವಿನ ಕೆಚ್ಚಲಿನ ಮೇಲೆ ಏಳುವ ಸೌಮ್ಯ ಸಿಡುಬು ಹಾಲು ಕರೆಯುವವರ ಕೈಗೆ ತಗುಲುತ್ತಿತ್ತು. ಹಾಗೆ ತಗುಲಿದವರಿಗೆ ಮನುಷ್ಯರ ಸಿಡುಬು ಬರುವುದಿಲ್ಲ ಎಂದು ಹಳ್ಳಿಯವರು ಹೇಳುತ್ತಿದ್ದರು. ಜೆನ್ನರ್ ಆ ಮಾತನ್ನು ಪರೀಕ್ಷೆಗೆ ಒಡ್ಡಿದ. 1796ರ ಮೇ 14ರಂದು ಸಾರಾ ನೆಲ್ಮ್ಸ್ ಎಂಬ ಹಾಲು ಕರೆಯುವ ಹುಡುಗಿಯ ಕೈಯ ಗುಳ್ಳೆಯಿಂದ ಕೀವು ತೆಗೆದು, ಜೇಮ್ಸ್ ಫಿಪ್ಸ್ ಎಂಬ ಎಂಟು ವರ್ಷದ ಬಾಲಕನ ತೋಳಿಗೆ ಹಾಕಿದ. ಜುಲೈನಲ್ಲಿ ಅದೇ ಹುಡುಗನಿಗೆ ನಿಜವಾದ ಸಿಡುಬಿನ ಕೀವನ್ನೇ ಹಾಕಿದ. ಹುಡುಗನಿಗೆ ಏನೂ ಆಗಲಿಲ್ಲ.

ಲ್ಯಾಟಿನ್‌ನಲ್ಲಿ ಹಸುವಿಗೆ ‘ವಾಕ್ಕ’ ಎನ್ನುತ್ತಾರೆ. ಹಸುವಿನಿಂದ ಬಂದ ಈ ಹೊಸ ಕ್ರಮಕ್ಕೆ ‘ವ್ಯಾಕ್ಸಿನೇಷನ್’ ಎಂಬ ಹೆಸರು 1800ರ ಹೊತ್ತಿಗೆ ಹುಟ್ಟಿತು. ಅದರ ಕ್ರಿಯಾಪದ ‘ವ್ಯಾಕ್ಸಿನೇಟ್’. ಆಗ ಎರಡು ಕ್ರಿಯಾಪದಗಳಿಗೂ ಸ್ಪಷ್ಟವಾದ ವ್ಯತ್ಯಾಸವಿತ್ತು. ಮನುಷ್ಯರ ಸಿಡುಬನ್ನು ಹಾಕಿದರೆ ಇನಾಕ್ಯುಲೇಟ್, ಹಸುವಿನ ಸಿಡುಬನ್ನು ಹಾಕಿದರೆ ವ್ಯಾಕ್ಸಿನೇಟ್. ಪದ ಬದಲಾಯಿತು ಎಂದರೆ ಸಾಯುವ ಮಕ್ಕಳ ಸಂಖ್ಯೆ ಬದಲಾಯಿತು ಎಂದೇ ಅರ್ಥ.

ಈ ಎರಡು ಪದಗಳ ಕತೆಯಲ್ಲಿ ನಮ್ಮ ಮೈಸೂರಿಗೂ ಒಂದು ಪಾಲಿದೆ. ಹಸುವಿನ ಲಸಿಕೆ ಭಾರತಕ್ಕೆ ಬಂದದ್ದು ಬಾಗ್ದಾದ್, ಬಸ್ರಾ ಮಾರ್ಗವಾಗಿ. ಶೈತ್ಯಪೆಟ್ಟಿಗೆ ಇಲ್ಲದ ಕಾಲ. ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ದಾಟಿಸುತ್ತಲೇ ತರಬೇಕಿತ್ತು. 1802ರ ಜೂನ್ 14ರಂದು ಬೊಂಬಾಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗು ಭಾರತದಲ್ಲಿ ಮೊದಲ ಲಸಿಕೆ ಪಡೆಯಿತು. ಅನಂತರ 1805ರಲ್ಲಿ ಥಾಮಸ್ ಹಿಕಿ ಎಂಬ ಐರಿಷ್ ಚಿತ್ರಕಾರ ಮೈಸೂರು ಅರಮನೆಯ ಮೂವರು ಸ್ತ್ರೀಯರ ಚಿತ್ರ ಬರೆದ. ಅದರಲ್ಲಿ ಬಲಗಡೆ ಇರುವಾಕೆ ಸೀರೆಯ ಸೆರಗನ್ನು ಸರಿಸಿ ಎಡತೋಳನ್ನು ತೋರಿಸುವಂತಿದೆ. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ, ತೋರಿಸುತ್ತಿರುವುದು ಲಸಿಕೆ ಹಾಕಿದ ಜಾಗವನ್ನು ಎಂಬುದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಅವರ ಅಭಿಪ್ರಾಯ. ಎಡಗಡೆಯ ರಾಣಿಯ ಮೂಗು, ಬಾಯಿಯ ಸುತ್ತ ಬಣ್ಣ ಮಾಸಿದಂತಿರುವುದು ಸಿಡುಬಿನ ಪುಡಿಯನ್ನು ಮೂಗಿಗೆ ಏರಿಸುವ ಹಳೆಯ ಕ್ರಮದ ಗುರುತು ಇರಬಹುದೆಂದೂ ಅವರು ಹೇಳುತ್ತಾರೆ. ಅವರ ಮಾತು ಸರಿಯಾದರೆ, ಇನಾಕ್ಯುಲೇಟ್ ಆದ ರಾಣಿಯೂ ವ್ಯಾಕ್ಸಿನೇಟ್ ಆದ ರಾಣಿಯೂ ಒಂದೇ ಚಿತ್ರದಲ್ಲಿ ಅಕ್ಕಪಕ್ಕ ನಿಂತಿದ್ದಾರೆ!

1881ರಲ್ಲಿ ಲೂಯಿ ಪಾಶ್ಚರ್ ಲಂಡನ್ನಿನ ವೈದ್ಯಕೀಯ ಸಮ್ಮೇಳನದಲ್ಲಿ ಒಂದು ಸಲಹೆ ಮುಂದಿಟ್ಟ. ಜೆನ್ನರನ ಗೌರವಾರ್ಥವಾಗಿ ಯಾವ ರೋಗದ ತಡೆಮದ್ದನ್ನು ಹಾಕಿದರೂ ವ್ಯಾಕ್ಸಿನೇಷನ್ ಎಂದೇ ಕರೆಯೋಣ ಎಂದ. ಲೋಕ ಒಪ್ಪಿತು. ಇಂದು ಪೋಲಿಯೊ, ದಡಾರ, ಕೋವಿಡ್ ಯಾವ ಲಸಿಕೆಯಲ್ಲೂ ಹಸುವಿನ ಸಿಡುಬಿಲ್ಲ, ಆದರೂ ಹಸುವಿನ ಹೆಸರು ಉಳಿದಿದೆ. ನಮ್ಮ ‘ಲಸಿಕೆ’ ಎಂಬ ಪದ ಸಂಸ್ಕೃತದ ‘ಲಸೀಕಾ’ದಿಂದ ಬಂದದ್ದು, ಅದರ ಅರ್ಥ ದೇಹದೊಳಗಿನ ತಿಳಿರಸ. ಹಳ್ಳಿಯ ಹಿರಿಯರು ‘ದಾಕು ಹಾಕಿಸುವುದು’ ಎಂದು ಹೇಳುತ್ತಿದ್ದದ್ದೂ ಇದನ್ನೇ.

ಇಂದು ಆಸ್ಪತ್ರೆಯ ಮಟ್ಟಿಗೆ ಇನಾಕ್ಯುಲೇಟ್, ವ್ಯಾಕ್ಸಿನೇಟ್ ಎರಡೂ ಹೆಚ್ಚುಕಡಿಮೆ ಒಂದೇ. ಆದರೆ ಆಸ್ಪತ್ರೆಯ ಹೊರಗೆ ಇನಾಕ್ಯುಲೇಟ್ ತನ್ನ ಹಳೆಯ ವಿಶಾಲವಾದ ಅರ್ಥವನ್ನು ಬಿಟ್ಟುಕೊಟ್ಟಿಲ್ಲ. ಜೀವವುಳ್ಳ ಸ್ವಲ್ಪವನ್ನು ಒಂದೆಡೆ ಸೇರಿಸಿ, ಅಲ್ಲಿ ಅದು ಬೆಳೆಯಲು ಬಿಡುವುದು. ಇದು ಅದರ ತಿರುಳು. ಈಗ ಮೊದಲಿನ ಒಗಟುಗಳಿಗೆ ಬರೋಣ.

ಹಾಲಿಗೆ ಇನಾಕ್ಯುಲೇಟ್ ಮಾಡುವುದೆಂದರೇನು? ಪ್ರತಿ ರಾತ್ರಿ ನಿಮ್ಮ ತಾಯಿಯವರು ಅಡುಗೆಮನೆಯಲ್ಲಿ ಮಾಡುವ ಕೆಲಸವೇ. ಉಗುರುಬೆಚ್ಚನೆಯ ಹಾಲಿಗೆ ಒಂದು ಚಮಚ ಮೊಸರು ಬಿಟ್ಟು ಮುಚ್ಚಿಡುತ್ತಾರೆ. ಆ ಚಮಚದಲ್ಲಿರುವ ಬ್ಯಾಕ್ಟೀರಿಯಾಗಳು ರಾತ್ರಿಯೆಲ್ಲ ಬೆಳೆದು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾಡುತ್ತವೆ, ಹಾಲು ಗಟ್ಟಿಯಾಗುತ್ತದೆ. ಇದಕ್ಕೆ ಕನ್ನಡದಲ್ಲಿ ‘ಹೆಪ್ಪು ಹಾಕುವುದು’ ಎನ್ನುತ್ತೇವೆ. ಪ್ರಯೋಗಾಲಯದಲ್ಲಿ ‘ಇನಾಕ್ಯುಲಮ್’ ಎಂದು ಕರೆಯುವುದು ನಮ್ಮ ಹೆಪ್ಪನ್ನೇ.

ಶೇಂಗಾ ಬೀಜದ ವಿಷಯವೂ ಹಾಗೆಯೇ. ಬಿತ್ತುವ ಮೊದಲು ಬೆಲ್ಲದ ಪಾಕದಲ್ಲಿ ರೈಜೋಬಿಯಂ ಪುಡಿಯನ್ನು ಕಲಸಿ ಬೀಜಕ್ಕೆ ಲೇಪಿಸಿ ನೆರಳಲ್ಲಿ ಒಣಗಿಸುತ್ತಾರೆ. ರೈತರು ಬೀಜೋಪಚಾರ ಎನ್ನುವ ಕೆಲಸಗಳಲ್ಲಿ ಇದೂ ಒಂದು. ಆ ಬ್ಯಾಕ್ಟೀರಿಯಾಗಳು ಬೇರಿನಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆ. ಸೂಜಿಯ ಸುಳಿವೇ ಇಲ್ಲ, ಆದರೂ ಇನಾಕ್ಯುಲೇಟ್. ಸೂಜಿ ಎಂಬುದು ಈ ಪದಕ್ಕೆ ನಡುವೆ ಸೇರಿಕೊಂಡ ಸಾಧನ ಮಾತ್ರ.

ಇನ್ನು ಬಳಕೆಯ ವಿಷಯ. ಈ ಕ್ರಿಯಾಪದದ ಜೊತೆ ಬರುವ ಎರಡು ವಿಭಕ್ತಿಪದಗಳನ್ನು ಕಲಿತರೆ ಸಾಕು. ಏನನ್ನು ಸೇರಿಸಿದೆವೋ ಅದರ ಹಿಂದೆ ‘ವಿತ್’. ಯಾವ ರೋಗದಿಂದ ರಕ್ಷಣೆಯೋ ಅದರ ಹಿಂದೆ ‘ಅಗೇನ್‌ಸ್ಟ್’. ‘ಶಿ ಇನಾಕ್ಯುಲೇಟೆಡ್ ದಿ ಮಿಲ್ಕ್ ವಿತ್ ಕರ್ಡ್’ ಎಂದರೆ ಆಕೆ ಹಾಲಿಗೆ ಮೊಸರಿನ ಹೆಪ್ಪು ಹಾಕಿದಳು. ‘ದಿ ನರ್ಸ್ ಇನಾಕ್ಯುಲೇಟೆಡ್ ದಿ ಬೇಬಿ ಅಗೇನ್‌ಸ್ಟ್ ಮೀಸಲ್ಸ್’ ಎಂದರೆ ನರ್ಸ್ ಮಗುವಿಗೆ ದಡಾರದ ಲಸಿಕೆ ಹಾಕಿದರು. ಇಲ್ಲಿ ‘ಫಾರ್ ಮೀಸಲ್ಸ್’ ಎಂದು ಬರೆಯುವುದಕ್ಕಿಂತ ‘ಅಗೇನ್‌ಸ್ಟ್’ ಎನ್ನುವುದೇ ಲೇಸು.

ಸ್ಪೆಲಿಂಗಿನ ಕತೆಗೆ ಬಂದರೆ, ಉತ್ತರಪತ್ರಿಕೆಗಳಲ್ಲಿ ಹತ್ತು ಮಕ್ಕಳು ಹತ್ತು ರೀತಿ ಬರೆಯುವ ಪದವಿದು. ಹೆಚ್ಚಿನವರು ಎರಡು ‘ಎನ್’ ಹಾಕುತ್ತಾರೆ, ಕೆಲವರು ಎರಡು ‘ಸಿ’. ಪದದೊಳಗಿನ ಕಣ್ಣನ್ನು ಕಂಡವರಿಗೆ ಈ ಗೊಂದಲ ಬಾರದು. ‘ಇನ್’ ಎಂಬುದಕ್ಕೆ ಒಂದು ‘ಎನ್’, ‘ಓಕ್ಯುಲಸ್’ನಲ್ಲಿ ಒಂದು ‘ಸಿ’. ವ್ಯಾಕ್ಸಿನೇಟ್‌ಗೆ ಮಾತ್ರ ಎರಡು ‘ಸಿ’, ಏಕೆಂದರೆ ‘ವಾಕ್ಕ’ದಲ್ಲಿ ಎರಡಿವೆ. ಎರಡು ‘ಎನ್’ ಬರುವುದು ‘ಇನಾಕ್ಯುಅಸ್’ ಎಂಬ ಗುಣವಾಚಕದಲ್ಲಿ. ನಿರಪಾಯಕಾರಿ ಎಂದು ಅದರ ಅರ್ಥ. ಅಲ್ಲಿನ ‘ಇನ್’ ಎಂದರೆ ಇಲ್ಲ, ಮುಂದಿನ ತುಂಡು ಹಾನಿ ಎಂಬರ್ಥದ್ದು, ಅದು ‘ಎನ್’ ಅಕ್ಷರದಿಂದಲೇ ಆರಂಭವಾಗುತ್ತದೆ. ‘ಇನೊಸೆಂಟ್’ ಪದಕ್ಕೆ ಎರಡು ‘ಎನ್’ ಇರುವುದೂ ಇದರಿಂದಲೇ. ಎರಡು ಕಣ್ಣಿನಿಂದ ನೋಡುವ ‘ಬೈನಾಕ್ಯುಲರ್’ ಇನಾಕ್ಯುಲೇಟ್‌ನ ಸ್ವಂತ ತಂಗಿ.

ಒಂದು ಎಚ್ಚರಿಕೆ. ‘ಕಣ್ಣು’ ಮತ್ತು ‘ಓಕ್ಯುಲಸ್’ ಒಂದೇ ಮೂಲದ ಪದಗಳೆಂದು ಯಾರೂ ತಿಳಿಯಬಾರದು. ಕಣ್ಣು ದ್ರಾವಿಡ ಪದ. ಓಕ್ಯುಲಸ್‌ಗೆ ರಕ್ತಸಂಬಂಧ ಇರುವುದು ಸಂಸ್ಕೃತದ ‘ಅಕ್ಷಿ’ಯೊಡನೆ, ಮೀನಾಕ್ಷಿ, ಕಾಮಾಕ್ಷಿ ಎಂಬ ಹೆಸರುಗಳಲ್ಲಿರುವುದು ಅದೇ. ನಮಗೂ ರೋಮನ್ನರಿಗೂ ಇಲ್ಲಿ ಸಮಾನವಾದದ್ದು ಕಲ್ಪನೆ, ಪದವಲ್ಲ.

ಪೋಷಕರಿಗೆ ಒಂದು ಮಾತು. ಮನೆಯಲ್ಲಿ ಇಂಗ್ಲಿಷ್ ಆಡುವವರಿಲ್ಲ, ಮಕ್ಕಳಿಗೆ ಹೇಳಿಕೊಡುವುದು ಹೇಗೆ ಎಂದು ಅನೇಕರು ಕೊರಗುತ್ತಾರೆ. ಆದರೆ ಹೆಪ್ಪು ಹಾಕುವುದು ತಾಯಿಗೆ ಗೊತ್ತಿದೆ, ಕಣ್ಣು ಕಸಿ ತಂದೆಗೋ ತಾತನಿಗೋ ಗೊತ್ತಿದೆ. ಇನಾಕ್ಯುಲೇಟ್ ಪದದ ಮುಕ್ಕಾಲು ಪಾಲು ಅರ್ಥ ಹಾಗೆ ಮನೆಯಲ್ಲೇ ಇದೆ. ಮಗು ಒಂದು ಇಂಗ್ಲಿಷ್ ಪದ ತಂದಾಗ ‘ಇದು ಯಾವ ಕೆಲಸ? ನಮ್ಮಲ್ಲಿ ಅದನ್ನು ಹೇಗೆ ಮಾಡುತ್ತೇವೆ?’ ಎಂದು ಕೇಳಿ. ತಾಯ್ನುಡಿ ಗಟ್ಟಿ ಬೇರಿನ ಗಿಡ. ಅದನ್ನು ಕಿತ್ತು ಇಂಗ್ಲಿಷನ್ನು ನೆಟ್ಟರೆ ಎರಡೂ ಬಾಡುತ್ತವೆ. ಅದರ ಮೇಲೇ ಕಣ್ಣು ಕೂರಿಸಿದರೆ ಹತ್ತುತ್ತದೆ.

ಸಿಡುಬಿನ ಗತಿ ಏನಾಯಿತು ಎಂದು ಕೇಳುವಿರೇನೋ. ಭಾರತದ ಕೊನೆಯ ಪ್ರಕರಣ 1975ರಲ್ಲಿ, ಲೋಕದಲ್ಲಿ ತಾನಾಗಿ ಹರಡಿದ ಕೊನೆಯ ಪ್ರಕರಣ 1977ರಲ್ಲಿ ಸೊಮಾಲಿಯಾದಲ್ಲಿ. 1980ರ ಮೇ 8ರಂದು ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆ ಈ ರೋಗ ಭೂಮಿಯಿಂದ ನಿರ್ಮೂಲವಾಯಿತೆಂದು ಸಾರಿತು. ನಿಮ್ಮ ಅಜ್ಜ ಅಜ್ಜಿಯರ ತೋಳಿನಲ್ಲಿ ನಾಣ್ಯದಂಥ ದೊಡ್ಡ ಕಲೆ ಇದ್ದರೆ ಅದು ಬಹುಮಟ್ಟಿಗೆ ಸಿಡುಬಿನ ದಾಕಿನದು. ನಿಮ್ಮ ತೋಳಿನ ಸಣ್ಣ ಕಲೆ ಕ್ಷಯರೋಗ ತಡೆಯುವ ಬಿಸಿಜಿ ಲಸಿಕೆಯದು. ಇಂದು ಮನೆಯಲ್ಲಿ ಎರಡನ್ನೂ ಹೋಲಿಸಿ ನೋಡಿ.

ಈ ವಾರದ ಅಭ್ಯಾಸ: ಇನಾಕ್ಯುಲೇಟ್ ಪದವನ್ನು ತೋಟ, ಆಸ್ಪತ್ರೆ, ಅಡುಗೆಮನೆ ಮೂರು ಕಡೆಗೂ ಸಲ್ಲುವಂತೆ ಮೂರು ಇಂಗ್ಲಿಷ್ ವಾಕ್ಯಗಳಲ್ಲಿ ಬಳಸಿರಿ. ಹಾಗೆಯೇ ಲೇಡಿ ಮೇರಿಯ ಪದದಲ್ಲಿದ್ದ ‘ಗ್ರಾಫ್ಟ್’ ಎಂಬ ಕ್ರಿಯಾಪದಕ್ಕೂ ಗಣಿತದಲ್ಲಿ ನೀವು ಬಿಡಿಸುವ ‘ಗ್ರಾಫ್’ಗೂ ಏನು ನಂಟು ಎಂದು ಯೋಚಿಸಿರಿ. ಸುಳಿವು: ಕಸಿಯ ಕಡ್ಡಿ, ಬರೆಯುವ ಕಡ್ಡಿ. ಉತ್ತರ ಮುಂದಿನ ವಾರ.